ಕೂಗುಡಬ್ಬಿ

ನಿನ್ನೆ ರಾತ್ರಿ ಎರಡೂವರೆಗೆ ನಮ್ಮ ಅಡುಗೆಮನೆಯ ಗ್ಯಾಸ್ ಅಲಾರಂ ಕೂಗಿತು. ಕೂಗಿತು ಎಂದರೆ ಕೋಳಿ ಕೂಗಿದ ಹಾಗಲ್ಲ. ಬಾಗಿಲ ಸಂದಿಗೆ ಬಾಲ ಸಿಕ್ಕಿಕೊಂಡ ಬೆಕ್ಕಿನ ಹಾಗೆ, ಒಂದೇ ಸಮನೆ. ಆದರೂ ಮನೆಯಲ್ಲಿ ಒಬ್ಬರೂ ಏಳಲಿಲ್ಲ. ‘ಅಪ್ಪಯ್ಯ ಯಾರಿಗೋ ತೋರಿಸುತ್ತಿದ್ದಾನೆ’ ಎಂದುಕೊಂಡು ನಾನು ಕಂಬಳಿಯನ್ನು ಕಿವಿಯವರೆಗೆ ಎಳೆದುಕೊಂಡೆ. ಶಿರಸಿ ಪೇಟೆಯಿಂದ ಹನ್ನೆರಡು ಕಿಲೋಮೀಟರ್ ಒಳಗಿರುವ ಈ ತೋಟದ ಮನೆಗೆ, ಧೋ ಎಂದು ಹೊಯ್ಯುವ ಮಳೆಯಲ್ಲಿ, ನಡುರಾತ್ರಿ ಯಾವ ನೆಂಟ ಬಂದಾನು ಎಂಬುದು ಹೊಳೆಯಲು ಒಂದು ನಿಮಿಷ ಹಿಡಿಯಿತು.

ಈ ಡಬ್ಬಿ ಮನೆಗೆ ಬಂದದ್ದು ಆಯಿಯ ಮೂಗಿನ ಬದಲಿಗೆ. 2021ರಲ್ಲಿ ಬಂದ ಕೊರೊನಾ ಹೋಗುವಾಗ ಅವಳ ಮೂಗಿನ ಶಕ್ತಿಯನ್ನೂ ಕೊಂಡೊಯ್ದಿತು. ಸಿಲಿಂಡರಿನ ಅನಿಲಕ್ಕೆ ಸ್ವಂತ ವಾಸನೆ ಇಲ್ಲ. ಸೋರಿದರೆ ತಿಳಿಯಲಿ ಎಂದೇ ಈಥೈಲ್ ಮರ್ಕ್ಯಾಪ್ಟನ್ ಎಂಬ ನಾರುವ ವಸ್ತುವನ್ನು ಬೆರೆಸುತ್ತಾರೆ. ಅದರ ನಾತಕ್ಕೂ ಇಂಗಿನ ಘಾಟಿಗೂ ಮೂಲ ಗಂಧಕವೇ. ಇಂಗಿನ ಒಗ್ಗರಣೆಯೇ ಹತ್ತದ ಮೂಗಿಗೆ ಮರ್ಕ್ಯಾಪ್ಟನ್ ಹತ್ತುವುದುಂಟೇ? ಒಂದು ದಿನ ಒಲೆಯ ಕಿವಿ ಅರ್ಧ ತಿರುಗಿಯೇ ಇತ್ತು. ತೋಟದಿಂದ ಬಂದ ನನಗೆ ಜಗಲಿಯಲ್ಲೇ ವಾಸನೆ ಹೊಡೆಯಿತು. ಮರುದಿನವೇ ಅಲಾರಂ ತಂದೆ.

ಕೂರಿಸಲು ಬಂದ ವಯರಿಂಗ್ ಹುಡುಗ ನೇರವಾಗಿ ಏಣಿ ಹತ್ತಿದ. ‘ಗ್ಯಾಸು ಮೇಲೇರುತ್ತದೆ ಅಣ್ಣ’ ಎಂದು, ನಾನು ಬಾಯಿ ತೆರೆಯುವಷ್ಟರಲ್ಲಿ ಗೋಡೆಯ ತುದಿಯಲ್ಲಿ ಎರಡು ತೂತು ಕೊರೆದೂ ಆಗಿತ್ತು. ಅವನದು ಪೂರ್ತಿ ತಪ್ಪಲ್ಲ. ನಮ್ಮ ಕಡೆಯ ಹುಡುಗರು ಕೊಟ್ಟಿಗೆಯ ಗೋಬರ್ ಗ್ಯಾಸ್ ನೋಡಿ ಬೆಳೆದವರು. ಅದರಲ್ಲಿರುವ ಮಿಥೇನ್ ಗಾಳಿಗಿಂತ ಹಗುರ, ಮೇಲೇರುವುದೇ ಅದರ ಗುಣ. ಸಿಲಿಂಡರಿನದು ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರ, ನೀರಿನಂತೆ ನೆಲದ ಮೇಲೆ ಹರಡಿಕೊಳ್ಳುತ್ತದೆ. ಡಬ್ಬಿ ನೆಲದಿಂದ ಒಂದಡಿಯೊಳಗೆ ಇರಬೇಕು. ಇದನ್ನೆಲ್ಲ ವಿವರಿಸಿದ ಮೇಲೆ ಅವನು ಏಣಿ ಇಳಿದು, ‘ಎರಡೂ ಗ್ಯಾಸು ಇರುವ ಮನೆಯಲ್ಲಿ ಎಲ್ಲಿ ಹೊಡೆಯುವುದು?’ ಎಂದು ಕೇಳಿದ. ಒಳ್ಳೆಯ ಪ್ರಶ್ನೆಯೇ. ನಮ್ಮ ಕೊಟ್ಟಿಗೆಯಲ್ಲಿ ಈಗ ಉಳಿದಿರುವುದು ಎರಡು ದನ, ಗೋಬರ್ ಗುಂಡಿ ಬತ್ತಿ ವರ್ಷಗಳಾದವು. ಹಾಗಾಗಿ ನಾನು ಉತ್ತರ ಕೊಡುವ ಕಷ್ಟ ತಪ್ಪಿತು. ಮೇಲಿನ ತೂತಿನ ಸುತ್ತ ಈಗ ಒಂದು ಹಲ್ಲಿ ಸಂಸಾರ ಹೂಡಿದೆ.

ಕೆಳಗೆ ಕೂತ ಡಬ್ಬಿಗೆ ನಿತ್ಯ ಪೊರಕೆಯ ಏಟು, ಒರೆಸುವ ಬಟ್ಟೆಯ ಅಭಿಷೇಕ. ಜಿರಲೆಗೆ ಮದ್ದು ಹೊಡೆದರೆ ಕೂಗು, ಮಗಳು ಸೆಂಟು ಹಾಕಿಕೊಂಡರೆ ಕೂಗು. ಇದನ್ನೆಲ್ಲ ಸಹಿಸಬಹುದಿತ್ತು.

ಸಹಿಸಲಾಗದ್ದು ಅಪ್ಪಯ್ಯನ ಲೈಟರು. ಡಬ್ಬಿಯ ಗುಂಡಿ ಒತ್ತಿದರೆ ಪೀಪಿ ಸರಿ ಇದೆ ಎಂದು ಗೊತ್ತಾಗುತ್ತದೆಯೇ ಹೊರತು ಗ್ಯಾಸು ಗುರುತಿಸುವ ಭಾಗ ಸರಿ ಇದೆ ಎಂದಲ್ಲ. ಹೀಗೆಂದು ನಾನೇ ಒಂದು ದಿನ ಬುದ್ಧಿವಂತಿಕೆ ಮೆರೆದೆ. ಸಿಗರೇಟಿನ ಲೈಟರನ್ನು ಹೊತ್ತಿಸದೆ ಬರೀ ಗ್ಯಾಸು ಬಿಟ್ಟು ತೋರಿಸಿದೆ. ಸಿಲಿಂಡರಿನಲ್ಲಿರುವ ಬ್ಯೂಟೇನೇ ಅದರೊಳಗಿರುವುದೂ ತಾನೇ. ಡಬ್ಬಿ ಕೂಗಿತು. ಅಪ್ಪಯ್ಯನ ಮುಖ ಅರಳಿತು. ಮರುದಿನ ಅಪ್ಪಯ್ಯ ಗೂಡಂಗಡಿಯಲ್ಲಿ ಸ್ವಂತಕ್ಕೊಂದು ಹಸಿರು ಲೈಟರು ಕೊಂಡ. ಎಪ್ಪತ್ತಾರನೆಯ ವಯಸ್ಸಿನಲ್ಲಿ ಸಿಗರೇಟು ಹಿಡಿದಿದ್ದಾನೆ ಎಂದು ಊರಿಡೀ ಸುದ್ದಿಯಾಯಿತು.

ಅಲ್ಲಿಂದ ಈಚೆಗೆ ಮನೆಗೆ ಬಂದವರಿಗೆ ಮೊದಲು ಕುಡಿಯಲು ಆಸರಿ, ಆಮೇಲೆ ಎಲೆಯಡಿಕೆಯ ಕವಳ, ಆಮೇಲೆ ಕೂಗು. ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆಗೆಂದು ಬಂದು ಇಳಿದ ನೆಂಟರನ್ನು ಅವನು ಸಾಲಾಗಿ ಅಡುಗೆಮನೆಗೆ ಕರೆದೊಯ್ದ. ಮೊಣಕಾಲು ನೋವಿನವನು, ದೇವರಿಗೂ ನಿಂತೇ ಕೈಮುಗಿಯುವವನು, ಡಬ್ಬಿಯ ಮುಂದೆ ಮಾತ್ರ ಸಲೀಸಾಗಿ ಕುಕ್ಕುರುಗಾಲಿನಲ್ಲಿ ಕೂರುತ್ತಾನೆ. ಎಡಗೈಯಿಂದ ‘ಸುಮ್ಮನಿರಿ’ ಎಂದು ಸನ್ನೆ ಮಾಡುತ್ತಾನೆ. ಹೆಬ್ಬೆರಳು ಲೈಟರನ್ನು ಒತ್ತುತ್ತದೆ, ಸುಯ್ ಎನ್ನುತ್ತದೆ. ಒಂದು, ಎರಡು, ಮೂರು. ಕೂಗು ಎದ್ದ ಕೂಡಲೇ ತಿರುಗಿ ನೋಡುತ್ತಾನೆ, ಮೊಮ್ಮಗ ಶ್ಲೋಕ ಹೇಳಿ ಮುಗಿಸಿದಾಗ ಸಭೆಯನ್ನು ನೋಡುವಂತೆ. ಹಾಲಿನವನು ನೋಡಿದ್ದಾನೆ, ಅಡಿಕೆ ಕೊನೆ ಕೊಯ್ಯುವವನು ನೋಡಿದ್ದಾನೆ, ಮತ ಕೇಳಲು ಬಂದವರೂ ನೋಡಿಕೊಂಡು ಹೋಗಿದ್ದಾರೆ. ಯಾರೂ ಬರದ ದಿನ ಮಲಗುವ ಮುನ್ನ ಒಬ್ಬನೇ ಹೋಗಿ ಒಮ್ಮೆ ಕೂಗಿಸಿ ಬರುತ್ತಾನೆ. ಇಷ್ಟು ಸಲ ಸುಳ್ಳೇ ಕೂಗಿದ್ದನ್ನು ಕೇಳಿದ ಕಿವಿಗಳು ನಿನ್ನೆ ಏಳದೇ ಇದ್ದದ್ದು ಯಾರ ತಪ್ಪು ಹೇಳಿ.

ಕೊನೆಗೆ ಎದ್ದವನು ನಾನು. ಗ್ಯಾಸು ಸೋರಿದ ಅನುಮಾನ ಬಂದರೆ ಸ್ವಿಚ್ ಮುಟ್ಟಬಾರದು, ರೆಗ್ಯುಲೇಟರ್ ಬಂದ್ ಮಾಡಬೇಕು, ಬಾಗಿಲು ಕಿಟಕಿ ತೆರೆಯಬೇಕು, ಹೊರಗೆ ಹೋಗಿ 1906ಕ್ಕೆ ಫೋನ್ ಮಾಡಬೇಕು. ಇಡೀ ಮನೆಗೆ ಇದನ್ನು ಬಾಯಿಪಾಠ ಮಾಡಿಸಿದವನು ನಾನೇ. ಅಡುಗೆಮನೆಗೆ ಹೋಗಿ ನಾನು ಮಾಡಿದ ಮೊದಲ ಕೆಲಸ ಲೈಟು ಹಾಕಿದ್ದು. ಬೆಳಕಿನಲ್ಲಿ ನಿಂತು, ಬೆರಳು ಇನ್ನೂ ಸ್ವಿಚ್ ಮೇಲಿರುವಾಗ ಪಾಠ ನೆನಪಾಯಿತು. ಬೆನ್ನಿನಲ್ಲಿ ಬೆವರು ಇಳಿಯಿತು.

ಗ್ಯಾಸಿನ ವಾಸನೆ ಇರಲಿಲ್ಲ. ರೆಗ್ಯುಲೇಟರ್ ಬಂದ್ ಆಗಿಯೇ ಇತ್ತು. ಡಬ್ಬಿಯ ಪಕ್ಕ, ಗೋಡೆಗೆ ಒತ್ತಿಕೊಂಡು, ಬುಟ್ಟಿಯಲ್ಲಿ ಅರ್ಧ ಹಲಸಿನಹಣ್ಣು ಕೂತಿತ್ತು. ಬಕ್ಕೆಯಲ್ಲ, ಕೈ ಹಾಕಿದರೆ ಜಾರುವ ಮೆತ್ತನೆಯ ಜಾತಿ. ಆಯಿ ಕಡಬಿಗೆಂದು ಮೊನ್ನೆಯಿಂದ ಇಟ್ಟದ್ದು. ಹುಳಿ ಬಂದು, ಸೆರೆಯಂಗಡಿಯ ಹಾಗೆ ಘಮ್ಮೆನ್ನುತ್ತಿತ್ತು. ಡಬ್ಬಿಯೊಳಗೆ ಗ್ಯಾಸು ಗುರುತಿಸುವ ತವರದ ಆಕ್ಸೈಡಿಗೆ ಗ್ಯಾಸು ಯಾವುದು, ಮದ್ಯಸಾರದ ಆವಿ ಯಾವುದು ಎಂಬ ಭೇದ ಅಷ್ಟಾಗಿ ತಿಳಿಯುವುದಿಲ್ಲ. ಬುಟ್ಟಿಯನ್ನು ಹಿತ್ತಿಲ ಕಡೆಗೆ ಒಯ್ದ ಮೇಲೆ ಕೂಗು ನಿಂತಿತು.

ಅಷ್ಟರಲ್ಲಿ ಆಯಿ ಎದ್ದು ಬಂದಳು. ಬುಟ್ಟಿಗೆ ಬಗ್ಗಿ, ಹಳೆಯ ರೂಢಿಯಂತೆ ಒಂದು ತೊಳೆ ಎತ್ತಿ ಮೂಗಿಗೆ ಹಿಡಿದಳು. ಹಿಂದೆ ಜಗಲಿಯಲ್ಲಿ ಕೂತೇ ಹಿತ್ತಿಲಿನ ಯಾವ ಮರದ ಹಣ್ಣು ಬಲಿತಿದೆ ಎಂದು ಹೇಳುತ್ತಿದ್ದವಳು. ಸ್ವಲ್ಪ ಹೊತ್ತು ಹಾಗೇ ಹಿಡಿದುಕೊಂಡು, ನನ್ನ ಕಡೆ ತಿರುಗಿ, ‘ಹಾಳಾಗಿದೆಯಾ?’ ಎಂದು ಕೇಳಿದಳು.

‘ಸ್ವಲ್ಪ’ ಎಂದೆ.

ಇವತ್ತು ಬೆಳಿಗ್ಗೆ ಹಾಲಿನವನು ಬಂದಾಗ ಅಪ್ಪಯ್ಯ ಲೈಟರನ್ನು ಕಿಸೆಯಲ್ಲೇ ಬಿಟ್ಟು, ಹೊಸ ಹಣ್ಣಿನ ತೊಳೆ ಹಿಡಿದು ಡಬ್ಬಿಯ ಮುಂದೆ ಕೂತಿದ್ದ. ಒಂದು, ಎರಡು, ಮೂರು. ಹತ್ತರವರೆಗೆ ಎಣಿಸಿದರೂ ಅದು ಕೂಗಲಿಲ್ಲ.

‘ನಿನ್ನೆ ಇವನು ಏನೋ ಮಾಡಿ ಹಾಳು ಮಾಡಿದ್ದಾನೆ’ ಎಂದು ಹಾಲಿನವನಿಗೆ ನನ್ನನ್ನು ತೋರಿಸಿ, ತೊಳೆಯನ್ನು ಬಾಯಿಗೆ ಹಾಕಿಕೊಂಡ.