ಗುಂಡ ಸಾರಿಸಿದ ಮನೆ

ಪೇಪರಿನ ಮುಖಪುಟ ತುಂಬ ಆ ಜಾಹೀರಾತು ಬಂದಿತ್ತಲ್ಲ, ನೀವೂ ನೋಡಿರುತ್ತೀರಿ. ಬಿಳಿ ಸೋಫಾ, ಬಿಳಿ ಗೋಡೆ, ಬಿಳಿ ನಾಯಿ. ಒಬ್ಬಾಕೆ ಕಾಲ ಮೇಲೆ ಕಾಲು ಹಾಕಿಕೊಂಡು ಕಾಫಿ ಕುಡಿಯುತ್ತಿದ್ದಾಳೆ, ಕೆಳಗೆ ದುಂಡನೆಯ ರೋಬೋಟ್ ಯಂತ್ರವೊಂದು ತಾನೇ ಓಡಾಡಿಕೊಂಡು ಧೂಳೆಳೆದು ನೆಲ ಒರೆಸುತ್ತಿದೆ. ಇನ್ನು ಕೆಲಸದವರ ರಗಳೆಯಿಲ್ಲ ಅಂತ ದಪ್ಪಕ್ಷರದಲ್ಲಿ ಬೇರೆ. ಆ ಮನೆಯಲ್ಲಿ ಒಂದು ಚಪ್ಪಲಿ ಇಲ್ಲ, ಈರುಳ್ಳಿ ಬುಟ್ಟಿ ಇಲ್ಲ, ಕುರ್ಚಿ ಮೇಲೆ ಮಡಚದೆ ಬಿದ್ದ ಬಟ್ಟೆ ಇಲ್ಲ. ಇಷ್ಟು ಕ್ಲೀನಾಗಿರೋ ಮನೆಗೆ ಕ್ಲೀನ್ ಮಾಡುವ ಯಂತ್ರ ಯಾಕಪ್ಪಾ ಅಂತ ಆವತ್ತೇ ಕೇಳಿಕೊಳ್ಳಬೇಕಿತ್ತು. ಕೇಳಿಕೊಳ್ಳಲಿಲ್ಲ. ದಸರಾ ಸೇಲ್, ಕಾರ್ಡಿಗೆ 10 ಪರ್ಸೆಂಟ್ ಕಡಿತ, ಆರು ತಿಂಗಳ ಇಎಂಐ. ಬುಕ್ ಮಾಡಿಯೇಬಿಟ್ಟೆ.

ನಮ್ಮ ಅಪಾರ್ಟ್‌ಮೆಂಟಿನಲ್ಲಿ ಡೆಲಿವರಿ ಹುಡುಗರನ್ನು ಮೇನ್ ಲಿಫ್ಟಿಗೆ ಬಿಡುವುದಿಲ್ಲ. ಹಾಗಾಗಿ ಡಬ್ಬವನ್ನು ಕೆಳಗೇ ತಗೊಂಡು, ಕೂಸನ್ನು ಎತ್ತಿಕೊಂಡ ಹಾಗೆ ಎತ್ತಿಕೊಂಡು ನಾನೇ ಏಳನೇ ಮಹಡಿಗೆ ತಂದೆ. ಹೆಂಡತಿ ನೋಡಿದ ಕೂಡಲೇ ಗುಂಡ ಅಂತ ಹೆಸರಿಟ್ಟಳು. ಎರಡೇ ದಿನಕ್ಕೆ ಆಯುಧಪೂಜೆ. ಅಮ್ಮ ಅದಕ್ಕೂ ಅರಿಶಿನ ಕುಂಕುಮ ಹಚ್ಚಿ, ತಲೆ ಮೇಲೆ ಚೆಂಡು ಹೂವಿಟ್ಟು, ಚಕ್ರದ ಮುಂದೆ ನಿಂಬೆಹಣ್ಣು ಇಟ್ಟರು. ಬೈಕು ನಿಂಬೆಹಣ್ಣು ಹತ್ತಿ ಅಪ್ಪಚ್ಚಿ ಮಾಡಿತು. ಗುಂಡ ಮಾತ್ರ ನಿಂಬೆಹಣ್ಣಿನ ಎದುರು ನಿಂತು, ಹಿಂದೆ ಹೋಗಿ, ಮುಂದೆ ಬಂದು, ಸುತ್ತು ಹಾಕಿ, ಕೊನೆಗೆ ಹಿಂದಿಯಲ್ಲಿ ತಾನು ಸಿಕ್ಕಿಕೊಂಡಿದ್ದೇನೆ ಅಂತ ಹೇಳಿ ಕೆಂಪು ದೀಪ ಹಾಕಿಕೊಂಡಿತು.

ಹೌದು, ಹಿಂದಿ. ಇಂಗ್ಲಿಷ್ ಕೂಡ ಉಂಟು, ಇನ್ನೂ ಹತ್ತಾರು ದೇಶದ ಭಾಷೆಗಳಿವೆ. ಕನ್ನಡ ಇಲ್ಲ. ಕನ್ನಡದ ಧೂಳು ಬೇಕು, ಕನ್ನಡ ಬೇಡ. ಅಮ್ಮನಿಗೆ ಹಿಂದಿ ಬರುವುದಿಲ್ಲ. ಅದು ಮಂಚದ ಕೆಳಗಿಂದ ಕೂಗಿದಾಗಲೆಲ್ಲ "ಏನಪ್ಪಾ ನಿಂದು ಗೋಳು" ಅಂತ ಇವರು, ಅದೇ ಮಾತನ್ನೇ ತಿರುಗಿಸಿ ತಿರುಗಿಸಿ ಅದು. ನಾನು ಹೋಗಿ ನೋಡಿದರೆ ಅಮ್ಮ ಬಾಯಿಗೆ ಸೆರಗಿಟ್ಟುಕೊಂಡು ನಗುತ್ತಿದ್ದರು. ಆದರೂ ನಮ್ಮದು ವಾಸಿ ಅನ್ನಬೇಕು. 2024ರಲ್ಲಿ ಅಮೆರಿಕದ ಕೆಲವು ಊರುಗಳಲ್ಲಿ ಯಾರೋ ಇಂಥ ಯಂತ್ರಗಳನ್ನು ಹ್ಯಾಕ್ ಮಾಡಿ, ಅದರ ಸ್ಪೀಕರಿನಿಂದಲೇ ಮನೆಯವರಿಗೆ ಹೊಲಸು ಬೈಗುಳ ಬೈಸಿದ್ದರು. ಒಂದು ಮನೆಯಲ್ಲಿ ನಾಯಿಯನ್ನೂ ಅಟ್ಟಿಸಿಕೊಂಡು ಹೋಗಿತ್ತಂತೆ. ಗುಂಡ ಅಷ್ಟು ಕೆಟ್ಟವನಲ್ಲ.

ಇನ್ನು ಅದರ ಜೊತೆ ಬಂದ ಪುಸ್ತಕ. ಯಂತ್ರ ಶುರು ಮಾಡುವ ಮೊದಲು ನೆಲದ ಮೇಲಿರುವ ವೈರು, ಆಟದ ಸಾಮಾನು, ಕಾಲೊರಸು, ಚೆಲ್ಲಿದ ನೀರು ಎಲ್ಲ ತೆಗೆಯಬೇಕು. ಅಂದರೆ ಕ್ಲೀನ್ ಮಾಡುವ ಮುಂಚೆ ಕ್ಲೀನ್ ಮಾಡಬೇಕು. ದಿನಾ ರಾತ್ರಿ ಮಲಗುವ ಮುಂಚೆ ನಾನೂ ಹೆಂಡತಿಯೂ ಬಗ್ಗಿ ಬಗ್ಗಿ ಚಪ್ಪಲಿ, ಚಾರ್ಜರು, ಮಗನ ಲೆಗೋ ಆರಿಸುತ್ತಿದ್ದೆವು, ಕುರ್ಚಿಗಳನ್ನು ಟೇಬಲ್ ಮೇಲೆ ಹೋಟೆಲಿನವರ ಹಾಗೆ ತಲೆಕೆಳಗು ಹಾಕುತ್ತಿದ್ದೆವು. ಆಮೇಲೆ ಬೆಳಗಿನ ಜಾವ ಐದಕ್ಕೆ ಗುಂಡ ಎದ್ದು, ಖಾಲಿ ನೆಲದ ಮೇಲೆ ಮಹಾರಾಜನ ಹಾಗೆ ಸವಾರಿ ಹೊರಡುತ್ತಿತ್ತು. ಮುಕ್ಕಾಲು ಗಂಟೆ. ಪೊರಕೆ ಹಿಡಿದರೆ ಹತ್ತು ನಿಮಿಷದ ಕೆಲಸ. ಪೊರಕೆಗೆ ಜಿಎಸ್‌ಟಿಯೂ ಇಲ್ಲ. ಇದಕ್ಕೆ 18 ಪರ್ಸೆಂಟ್. 2018ರ ಜುಲೈವರೆಗೆ 28 ಇತ್ತು. ಪುಣ್ಯಕ್ಕೆ ಲೇಟಾಗಿ ತಗೊಂಡೆ ಅಂತ ಸಮಾಧಾನ ಮಾಡಿಕೊಳ್ಳಬಹುದು.

ಮೂರನೇ ವಾರ. ಹಿಂದಿನ ಸಂಜೆ ಐದು ಕೇಜಿ ರಾಗಿ ಬೀಸಿಸಿಕೊಂಡು ಬಂದಿದ್ದೆ. ಗಿರಣಿಯಿಂದ ಬಂದ ಹಿಟ್ಟು ಬಿಸಿ ಇರುತ್ತದೆ, ಹಾಗೇ ಡಬ್ಬಕ್ಕೆ ತುಂಬಿದರೆ ಬೆವೆತು ಮುಗ್ಗಲು ಹಿಡಿಯುತ್ತದೆ. ಆರಲಿ ಅಂತ ಅಮ್ಮ ಚೀಲದ ಬಾಯಿ ಬಿಚ್ಚಿ ಅಡುಗೆಮನೆ ಗೋಡೆಗೆ ಒರಗಿಸಿಟ್ಟಿದ್ದರು. ನಾವು ಚಪ್ಪಲಿ ಆರಿಸಿದೆವು, ವೈರು ಸುತ್ತಿದೆವು, ಚೀಲ ಮರೆತೆವು.

ಬೆಳಿಗ್ಗೆ ಆರಕ್ಕೆ ಎದ್ದು ಕಾಲು ಕೆಳಗಿಟ್ಟರೆ ನೆಲ ಅಂಟಿತು. ಲೈಟ್ ಹಾಕಿದೆ. ಗುಂಡ ಚೀಲಕ್ಕೆ ಗುದ್ದಿದೆ, ಚೀಲ ಮಗುಚಿದೆ. ಅದರ ಧೂಳಿನ ಡಬ್ಬ ಎಷ್ಟು ದೊಡ್ಡದು, ಒಂದು ಲೋಟದಷ್ಟು. ಅದು ತುಂಬಿದ ಮೇಲೂ ನಿಲ್ಲದೆ, ಹಿಂದಿನ ಒದ್ದೆ ಬಟ್ಟೆಯಲ್ಲಿ ಉಳಿದ ಹಿಟ್ಟನ್ನೆಲ್ಲ ಒರೆಸಿದೆ. ಒರೆಸಿದೆ ಅಂದರೆ ಕಲಸಿದೆ. ಅಡುಗೆಮನೆಯಿಂದ ಹಾಲ್‌ಗೆ, ಹಾಲ್‌ನಿಂದ ರೂಮಿಗೆ, ದೇವರ ಮುಂದೆ, ಸೋಫಾ ಕೆಳಗೆ, ಒಂದು ಇಂಚು ಬಿಡದೆ, ಗೆರೆ ಎಳೆದ ಹಾಗೆ ನೇರವಾಗಿ ರಾಗಿ ಅಂಬಲಿ ಬಳಿದಿದೆ. ಹಳ್ಳಿಯಲ್ಲಿ ನಮ್ಮಜ್ಜಿ ಸಗಣಿ ಸಾರಿಸಿದರೆ ಹೀಗೇ ಕಾಣುತ್ತಿತ್ತು, ಇಷ್ಟು ನೀಟಾಗಿ ಅಜ್ಜಿಗೂ ಬರುತ್ತಿರಲಿಲ್ಲ. ಅಲ್ಲಲ್ಲಿ ಆಗಲೇ ಒಣಗಿ ಬಿರುಕು ಬಿಟ್ಟಿತ್ತು.

ಅಮ್ಮ ಬಾಗಿಲಲ್ಲಿ ನಿಂತು ನೋಡಿದರು. "ಇನ್ನು ರಂಗೋಲಿ ಒಂದು ಬಾಕಿ" ಅಂದರು. ಹೆಂಡತಿ ಏನೂ ಅನ್ನಲಿಲ್ಲ, "ರೀ" ಅಂದಳು ಅಷ್ಟೇ. ಆ ರೀ ಎಂಥದು ಅಂತ ಮದುವೆಯಾದವರಿಗೆ ಗೊತ್ತು. ಅದೇ ಹೊತ್ತಿಗೆ ಮೊಬೈಲ್ ಟಿಣ್ ಅಂತು. ಅಭಿನಂದನೆಗಳು, 84 ಚದರ ಮೀಟರ್ ಸ್ವಚ್ಛಗೊಂಡಿದೆ, ಗೆಳೆಯರೊಂದಿಗೆ ಹಂಚಿಕೊಳ್ಳಿ.

ಕಸ್ಟಮರ್ ಕೇರಿಗೆ ಫೋನ್ ಮಾಡಿದೆ. ನಾಲ್ಕು ಒತ್ತಿ, ಎರಡು ಒತ್ತಿ, ಇಪ್ಪತ್ತು ನಿಮಿಷ ಸಂಗೀತ ಕೇಳಿದ ಮೇಲೆ ಒಬ್ಬ ಹುಡುಗ ಸಿಕ್ಕಿದ.

"ಒಳಗೆ ಏನು ಹೋಗಿದೆ ಸರ್?"

"ರಾಗಿ ಹಿಟ್ಟು."

"ಅದು ಫಾರಿನ್ ಮಟೀರಿಯಲ್ ಸರ್, ವಾರಂಟಿಗೆ ಬರಲ್ಲ."

ಫಾರಿನ್ನಿಂದ ಬಂದದ್ದು ಗುಂಡ. ರಾಗಿ ನಮ್ಮ ಮಾಗಡಿ ಕಡೆಯದು. ಫಾರಿನ್ ಮಟೀರಿಯಲ್ ರಾಗಿ ಅಂತೆ! ಸರಿ, ಧೂಳು ಹೋದರೆ ವಾರಂಟಿ ಇದೆಯಾ ಅಂದೆ. ಎಷ್ಟು ಧೂಳು ಸರ್ ಅಂದ. ಪಾಪ, ಅವನದೇನು ತಪ್ಪು, ಮುಂದಿರುವ ಸ್ಕ್ರೀನಿನಲ್ಲಿದ್ದದ್ದನ್ನು ಓದುತ್ತಿದ್ದ. ಗ್ರಾಹಕರ ಸಹಾಯವಾಣಿ 1915 ಇದೆಯಲ್ಲ, ಅದಕ್ಕೂ ಮಾಡೋಣ ಅಂದುಕೊಂಡೆ. ಆದರೆ ರಾಗಿ ಚೀಲ ಮರೆತವನು ನಾನೇ ಅಂತ ಮೊದಲ ವಾಕ್ಯದಲ್ಲೇ ಒಪ್ಪಿಕೊಳ್ಳಬೇಕಾಗುತ್ತದಲ್ಲ. ಬಿಟ್ಟೆ.

ಸೋಫಾ ಮೇಲೆ ಕಾಲು ಮಡಚಿ ಕೂತುಕೊಂಡು (ಬೇರೆ ಎಲ್ಲೂ ಕಾಲಿಡುವ ಹಾಗಿರಲಿಲ್ಲ) ಈ ಯಂತ್ರಗಳ ಚರಿತ್ರೆ ಓದಿದೆ. 1901ರಲ್ಲಿ ಲಂಡನ್ನಿನಲ್ಲಿ ಹ್ಯೂಬರ್ಟ್ ಬೂತ್ ಅನ್ನುವ ಎಂಜಿನಿಯರ್ ಮಾಡಿದ ವ್ಯಾಕ್ಯೂಮ್ ಕ್ಲೀನರನ್ನು ಕುದುರೆ ಎಳೆಯುತ್ತಿತ್ತು. ಗಾಡಿ ರಸ್ತೆಯಲ್ಲೇ ನಿಲ್ಲುತ್ತಿತ್ತು, ಕಿಟಕಿಯಿಂದ ಉದ್ದುದ್ದ ಪೈಪು ಒಳಗೆ. ದೊಡ್ಡವರ ಮನೆಯಲ್ಲಿ ಅದನ್ನು ನೋಡೋದಕ್ಕೇ ಜನರನ್ನು ಟೀಗೆ ಕರೆಯುತ್ತಿದ್ದರಂತೆ. ನಾವೇನು ಕಮ್ಮಿ? ಟೈ ಕಟ್ಟಿಕೊಂಡು ಮನೆಮನೆಗೆ ಬರುತ್ತಿದ್ದ ಸೇಲ್ಸ್‌ಮನ್‌ಗಳು ನೆನಪಿದ್ದಾರಾ? ನಮ್ಮ ಹಾಸಿಗೆಯಿಂದ ಧೂಳು ಎಳೆದು, ಬಿಳಿ ಬಟ್ಟೆ ಮೇಲೆ ಸುರಿದು, ಅಕ್ಕಪಕ್ಕದವರ ಮುಂದೆಯೇ ಮರ್ಯಾದೆ ತೆಗೆಯುತ್ತಿದ್ದರು. ನಾಚಿಕೆಗೆ ಅಪ್ಪ ಒಂದು ಕೊಂಡರು. ಅದು ಅಟ್ಟ ಸೇರಿತು. ವರ್ಷಕ್ಕೊಮ್ಮೆ ಆಯುಧಪೂಜೆಗೆ ಇಳಿಸಿ, ಅದರ ಧೂಳನ್ನು ಬಟ್ಟೆಯಲ್ಲಿ ಒರೆಸಿ, ಕುಂಕುಮ ಇಟ್ಟು ವಾಪಸ್ ಏರಿಸುತ್ತಿದ್ದೆವು. ನಮ್ಮಪ್ಪನ ಮಗ ನಾನು, ಸುಮ್ನೆ ಅಲ್ಲ.

ಹತ್ತು ಗಂಟೆಗೆ ಮನೆಗೆಲಸದ ರತ್ನಮ್ಮ ಬಂದರು. ಏದುಸಿರು ಬಿಡುತ್ತಾ ಬಂದರು. ಸರ್ವಿಸ್ ಲಿಫ್ಟ್ ಕೆಟ್ಟು ಒಂಬತ್ತು ದಿನ. ಮೇನ್ ಲಿಫ್ಟ್ ಎರಡಿವೆ, ಎರಡೂ ಚೆನ್ನಾಗೇ ಓಡುತ್ತಿವೆ, ಆದರೆ ಮನೆಗೆಲಸದವರು ಹತ್ತುವಂತಿಲ್ಲ ಅಂತ ಗೋಡೆಗೆ ಲ್ಯಾಮಿನೇಟ್ ಮಾಡಿಸಿದ ಬೋರ್ಡಿದೆ. ನೆಲ ನೋಡಿ ಅವರು ನಗಲಿಲ್ಲ. "ಒಣಗೋಕೆ ಬಿಡಬಾರದಿತ್ತು ಅಣ್ಣಾ" ಅಂದರು. ಬಿಸಿನೀರು ಚಿಮುಕಿಸಿ, ಹಳೇ ಬೆಡ್‌ಶೀಟ್ ನೆನೆಸಿ ಹಾಸಿ, ಕಾಲು ಗಂಟೆ ಬಿಟ್ಟು, ದೋಸೆ ಮಗುಚುವ ಸಟ್ಟುಗದಲ್ಲಿ ಒಂದು ಮೂಲೆಯಿಂದ ಕೆರೆಯಲು ಶುರು ಮಾಡಿದರು. ಟೈಲ್ಸ್ ಸಂದಿಯಲ್ಲಿ ಕೂತಿದ್ದಕ್ಕೆ ಹಲ್ಲುಜ್ಜುವ ಹಳೇ ಬ್ರಷ್ಷು. ಒಂದೂವರೆ ಗಂಟೆ ಕೂತೇ ತೆವಳಿದರು.

ಗುಂಡನಿಗೆ ದಿನವಿಡೀ ಚಾರ್ಜಿಂಗ್ ಡಾಕಿನಲ್ಲಿ ವಿಶ್ರಾಂತಿ. ಚಾರ್ಜ್ ಕಮ್ಮಿಯಾದರೆ ಅರ್ಧದಲ್ಲೇ ಕೆಲಸ ಬಿಟ್ಟು ಹೋಗುತ್ತದೆ, ಯಾರೂ ಸಂಬಳ ಹಿಡಿಯುವುದಿಲ್ಲ. ಮನೆಗೆಲಸದವರಿಗೆ ಕನಿಷ್ಠ ಕೂಲಿ ಅಂತ ಈ ರಾಜ್ಯದಲ್ಲಿ ಗೊತ್ತು ಮಾಡಿದ್ದು 2004ರಲ್ಲಿ. ಅದೆಷ್ಟು ಅಂತ ನಮ್ಮ ಬಿಲ್ಡಿಂಗಿನಲ್ಲಿ ಯಾರನ್ನಾದರೂ ಕೇಳಿ ನೋಡಿ. 2025ರಲ್ಲಿ ಸರ್ಕಾರ ಅವರ ಸಾಮಾಜಿಕ ಭದ್ರತೆಗೆ ಒಂದು ಕರಡು ಮಸೂದೆ ತಂದಿತಲ್ಲ, ಕೂಲಿಯ ಮೇಲೆ 5 ಪರ್ಸೆಂಟ್‌ವರೆಗೆ ಮಾಲೀಕರು ಕಟ್ಟಬೇಕಾಗಬಹುದು ಅಂತ, ಆವತ್ತು ನಮ್ಮ ವಾಟ್ಸಾಪ್ ಗ್ರೂಪ್ ರಾತ್ರಿ ಒಂದರವರೆಗೆ ಮಲಗಲಿಲ್ಲ. ಹೊಟ್ಟೆ ಉರಿದುಕೊಂಡವರಲ್ಲಿ ಅರ್ಧ ಜನ ಗುಂಡನಿಗೆ 18 ಪರ್ಸೆಂಟ್ ಕಟ್ಟಿ, ಮೇಲೆ ಎಕ್ಸ್‌ಟೆಂಡೆಡ್ ವಾರಂಟಿಯನ್ನೂ ತಗೊಂಡವರು. ನಾನೂ ತಗೊಂಡಿದ್ದೇನೆ. ಆವತ್ತು ಗ್ರೂಪಿನಲ್ಲಿ ನಾನು ಏನೂ ಬರೆಯಲಿಲ್ಲ. ಒಂದು ಹೆಬ್ಬೆರಳು ಒತ್ತಿದೆ, ಯಾರ ಮಾತಿಗೆ ಒತ್ತಿದೆ ಅನ್ನೋದು ಬೇಡ.

ಗುಂಡನನ್ನು ಸರ್ವಿಸ್ ಸೆಂಟರಿಗೆ ಒಯ್ಯಬೇಕಿತ್ತು. ರತ್ನಮ್ಮನೂ ಕೆಲಸ ಮುಗಿಸಿ ಹೊರಟಿದ್ದರು. ಬನ್ನಿ, ನನ್ನ ಜೊತೆ ಮೇನ್ ಲಿಫ್ಟಿನಲ್ಲೇ ಇಳಿಯಿರಿ ಅಂದೆ. ಅವರು ಮೂಲೆಯ ಕ್ಯಾಮೆರಾ ಕಡೆ ಒಮ್ಮೆ ನೋಡಿದರು.

"ಬೇಡ ಅಣ್ಣಾ, ಆಮೇಲೆ ಫೋಟೋ ಗ್ರೂಪಲ್ಲಿ ಹಾಕ್ತಾರೆ."

ಅವರು ಮೆಟ್ಟಿಲ ಕಡೆ ಹೋದರು. ನಾನು ಇನ್ನೊಂದು ಸಲ ಕರೆಯಲಿಲ್ಲ. ಗುಂಡನ ಡಬ್ಬ ತಬ್ಬಿಕೊಂಡು ಲಿಫ್ಟಿನೊಳಗೆ ಹೋಗಿ ಸೊನ್ನೆ ಒತ್ತಿದೆ.