ಕುಡಿತ ಬಿಟ್ಟವರ ಕೂಟಕ್ಕೆ ಮನೆಯವರೂ ಬರಲಿ

ಕುಡಿತ ಬಿಡಿಸೋದು ಅಂದ ಕೂಡಲೇ ನಮ್ಮವರ ತಲೆಗೆ ಬರುವುದು ಆಸ್ಪತ್ರೆ. ಸೇರಿಸಿದರು, ಒಂದಷ್ಟು ದಿನ ಇಟ್ಟುಕೊಂಡರು, ಕೈ ನಡುಕ ನಿಂತಿತು, ಮನೆಗೆ ಕಳಿಸಿದರು. ಅಲ್ಲಿಗೆ ಮುಗಿಯಿತು ಅಂತ ಲೆಕ್ಕ. ಅಸಲಿ ಕಷ್ಟ ಶುರುವಾಗುವುದೇ ಆಮೇಲೆ. ಸಂಜೆ ಕೆಲಸ ಬಿಟ್ಟ ಮೇಲೆ ಎಲ್ಲಿಗೆ ಹೋಗೋದು? ಇಷ್ಟು ವರ್ಷ ಸಂಜೆ ಅಂದರೆ ಕುಡಿತ, ಗೆಳೆಯರು ಅಂದರೆ ಜೊತೆಗೆ ಕುಡಿಯುವವರು. ಬಾಟಲಿ ಬಿಟ್ಟರೆ ಅವರನ್ನೂ ಬಿಡಬೇಕು. ಆಗ ಉಳಿಯುವುದು ಒಂದು ಖಾಲಿ ಸಂಜೆ, ಮತ್ತೆ ಬಾಗಿಲಲ್ಲೇ ನಿಂತು ಬಾಯಿ ವಾಸನೆ ನೋಡುವ ಮನೆಯವರು.

ನಾನು ಕರ್ನಾಟಕ ಬಿಟ್ಟು ಬಹಳ ವರ್ಷವಾಯಿತು. ನಾನಿರುವ ಕಡೆ ಆಲ್ಕೊಹಾಲಿಕ್ಸ್ ಅನಾನಿಮಸ್, ಅಂದರೆ ಎಎ ಕೂಟಗಳು ಜಾಸ್ತಿ. ಕುಡಿತ ಬಿಟ್ಟವರು, ಬಿಡಬೇಕು ಅನ್ನುವವರು ಪೂರ್ತಿ ಹೆಸರು ಹೇಳಿಕೊಳ್ಳದೆ ಒಬ್ಬರಿಗೊಬ್ಬರು ಜೊತೆಯಾಗುವ ಕೂಟ ಅದು. ಅವುಗಳಲ್ಲಿ ಕೆಲವು ಓಪನ್ ಮೀಟಿಂಗ್, ಕುಡಿತದ ತೊಂದರೆ ಇಲ್ಲದವರೂ ಹೋಗಿ ಕೂರಬಹುದು. ಗೆಳೆಯನೊಬ್ಬನಿಗೆ ಒಬ್ಬನೇ ಹೋಗಲು ಸಂಕೋಚ. ಹಾಗಾಗಿ ನಾನೂ ಹೋಗತೊಡಗಿದೆ. ಅಲ್ಲಿ ಕೇಳಿದ್ದನ್ನು ಹೊರಗೆ ಹೇಳಬಾರದು, ಆದ್ದರಿಂದ ಯಾರ ಕಥೆಯನ್ನೂ ಇಲ್ಲಿ ಬರೆಯುವುದಿಲ್ಲ. ನಡೆಯುವ ರೀತಿ ಮಾತ್ರ ಹೇಳುತ್ತೇನೆ.

ಒಬ್ಬರು ಮಾತಾಡುವಾಗ ಇನ್ನೊಬ್ಬರು ಬಾಯಿ ಹಾಕುವುದಿಲ್ಲ. ಬುದ್ಧಿ ಹೇಳುವುದಿಲ್ಲ. "ನೀನು ಹಾಗೆ ಮಾಡಬಾರದಿತ್ತು" ಅನ್ನುವ ಮಾತೇ ಇಲ್ಲ. ಯಾವುದಾದರೂ ವಿಷಯಕ್ಕೆ ಹತ್ತು ಜನ ನಮ್ಮವರು ಸೇರಿದರೆ ಹನ್ನೆರಡು ಸಲಹೆ ಬರುತ್ತವೆ, ಅದನ್ನು ಕೇಳಿ ಬೆಳೆದ ನನಗೆ ಈ ಮೌನವೇ ಮೊದಮೊದಲು ವಿಚಿತ್ರ ಅನಿಸಿತು. ಇಷ್ಟು ತಿಂಗಳು ಕುಡಿಯದೆ ಇದ್ದೇನೆ ಅನ್ನುವವರಿಗೆ ಒಂದು ಬಿಲ್ಲೆ ಕೊಡುತ್ತಾರೆ. ಬಿಟ್ಟವರು ಮತ್ತೆ ಕುಡಿದು, ಮತ್ತೆ ಬಂದು, ಮೊದಲ ದಿನದ ಬಿಲ್ಲೆ ತೆಗೆದುಕೊಳ್ಳಲು ಎದ್ದರೆ ಚಪ್ಪಾಳೆ ಉಳಿದೆಲ್ಲರಿಗಿಂತ ಜೋರು. ಯಾಕೆ ಕುಡಿದೆ ಅಂತ ಯಾರೂ ಕೇಳುವುದಿಲ್ಲ, ಅಲ್ಲಿ ಕೂತವರಿಗೆಲ್ಲ ಅದು ಗೊತ್ತು. ಸಭೆ ಮುಗಿದ ಮೇಲೆ ಇಬ್ಬರು ಮೂವರು ಅವರ ಫೋನ್ ಇಸಿದುಕೊಂಡು ತಮ್ಮ ನಂಬರ್ ಹಾಕಿಕೊಡುತ್ತಾರೆ. ರಾತ್ರಿ ಎಷ್ಟೊತ್ತಾದರೂ ಮಾಡು ಅನ್ನುತ್ತಾರೆ, ಅದು ಬಾಯಿಮಾತಲ್ಲ.

ಯಾಕೆ ಹೀಗೆ ನಂಬರ್ ಕೊಡುತ್ತಾರೆ ಅನ್ನುವುದಕ್ಕೆ ಎಎ ಹುಟ್ಟಿದ ಕಥೆಯಲ್ಲೇ ಉತ್ತರ ಇದೆ. 1935ರ ಮೇ ತಿಂಗಳು, ಅಮೆರಿಕದ ಓಹಾಯೋ ರಾಜ್ಯದ ಆಕ್ರನ್. ನ್ಯೂಯಾರ್ಕಿನ ಷೇರು ವ್ಯವಹಾರದ ಬಿಲ್ ವಿಲ್ಸನ್ ಅಲ್ಲಿಗೆ ಬಂದ ಕೆಲಸ ಕೈಕೊಟ್ಟಿತ್ತು. ಕುಡಿತ ಬಿಟ್ಟು ಆಗಿನ್ನೂ ಕೆಲವೇ ತಿಂಗಳು. ಹೋಟೆಲಿನ ಲಾಬಿಯಲ್ಲಿ ನಿಂತಿದ್ದಾನೆ, ಪಕ್ಕದಲ್ಲೇ ಬಾರ್. ಅವನು ಫೋನಿನ ಕಡೆ ಹೋಗಿ ಊರಿನ ಪಾದ್ರಿಗಳಿಗೆ ಕರೆ ಮಾಡಿ, ಮಾತಾಡಲು ಇನ್ನೊಬ್ಬ ಕುಡುಕ ಬೇಕು ಅಂತ ಕೇಳಿದ. ಹಾಗೆ ಸಿಕ್ಕಿದವನು ಬಾಬ್ ಸ್ಮಿತ್ ಎಂಬ ಸರ್ಜನ್. ಹದಿನೈದು ನಿಮಿಷ ಅಂತ ಕೂತವರು ಗಂಟೆಗಟ್ಟಲೆ ಮಾತಾಡಿದರು. ಸ್ಮಿತ್ ಕೊನೆಯ ಸಲ ಕುಡಿದದ್ದು 1935ರ ಜೂನ್ 10, ಅದನ್ನೇ ಎಎ ಹುಟ್ಟಿದ ದಿನ ಅನ್ನುತ್ತಾರೆ. ವಿಲ್ಸನ್ ಹೋದದ್ದು ಸ್ಮಿತ್‌ನನ್ನು ಉದ್ಧಾರ ಮಾಡಲು ಅಲ್ಲ, ಆ ಸಂಜೆ ತಾನು ಕುಡಿಯದೆ ಇರಲು. ಹೊಸಬರಿಗೆ ನಂಬರ್ ಕೊಡುವ ಹಳಬರೂ ಅಷ್ಟೇ. ಅದರಲ್ಲಿ ಅವರ ಸ್ವಾರ್ಥವೂ ಇದೆ. ಒಳ್ಳೆಯ ಸ್ವಾರ್ಥ.

ಇದೆಲ್ಲ ಸುಮ್ನೆ ಭಾವುಕತೆ ಅನ್ನುವವರಿಗೆ ಒಂದು ಲೆಕ್ಕವೂ ಇದೆ. 2020ರಲ್ಲಿ, ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ಪರಿಶೀಲಿಸುವ ಕೊಕ್ರೇನ್ ಸಂಸ್ಥೆ 27 ಅಧ್ಯಯನಗಳನ್ನು, ಒಟ್ಟು 10,565 ಜನರ ಮಾಹಿತಿಯನ್ನು ಒಟ್ಟಿಗೆ ಇಟ್ಟು ನೋಡಿತು. ಎಎ ಕಡೆಗೆ ಕ್ರಮಬದ್ಧವಾಗಿ ದಾರಿ ಮಾಡಿಕೊಟ್ಟ ಚಿಕಿತ್ಸೆಯಲ್ಲಿ ಒಂದು ವರ್ಷದ ಹೊತ್ತಿಗೆ ನೂರರಲ್ಲಿ ಸುಮಾರು 42 ಜನ ಕುಡಿಯದೆ ಉಳಿದಿದ್ದರು. ಬೇರೆ ಚಿಕಿತ್ಸೆಗಳಲ್ಲಿ 35. ಪವಾಡ ಏನಲ್ಲ, ಅರ್ಧಕ್ಕಿಂತ ಜಾಸ್ತಿ ಜನಕ್ಕೆ ಅದೂ ಸಾಕಾಗಲಿಲ್ಲ ಅಂತಲೂ ಓದಬಹುದು. ಆದರೆ ಎಎಗೆ ಫೀಸಿಲ್ಲ ಅನ್ನುವುದನ್ನು ನೆನಪಿಡಿ. ಆ ವಿಮರ್ಶೆ ಬರೆದವರಲ್ಲಿ ಒಬ್ಬರಾದ ಜಾನ್ ಕೆಲ್ಲಿ, ಎಎ ಹೇಗೆ ಕೆಲಸ ಮಾಡುತ್ತದೆ ಅಂತಲೇ ವರ್ಷಗಟ್ಟಲೆ ಹುಡುಕಿದವರು. ಅವರಿಗೆ ಕಂಡ ಮುಖ್ಯ ಕಾರಣ ಎರಡು: ಸುತ್ತಲಿನ ಬಳಗ ಬದಲಾಗುತ್ತದೆ, ಮತ್ತು ನಾಲ್ಕು ಜನ ಕುಡಿಯುವ ಕಡೆ "ನನಗೆ ಬೇಡ" ಅನ್ನುವ ಧೈರ್ಯ ಬರುತ್ತದೆ.

ಇಲ್ಲಿಯವರೆಗೆ ನನಗೂ ತಕರಾರಿಲ್ಲ. ಹೋಗಿ ಬಂದು ಮಾಡುತ್ತಾ ಒಂದು ವಿಷಯ ಮಾತ್ರ ಕಾಡತೊಡಗಿತು. ಮನೆಯವರು ಎಲ್ಲಿ? ಓಪನ್ ಮೀಟಿಂಗಿನಲ್ಲಿ ಬೇರೆಯವರು ಕೂರಬಹುದಾದರೂ ಎಎ ಅಂದರೆ ಕುಡಿಯುತ್ತಿದ್ದವರದ್ದೇ ಒಂದು ಕೋಣೆ. ಮನೆಯವರಿಗೆ ಅಂತ 1951ರಿಂದ ಅಲ್-ಅನಾನ್ ಇದೆ, ಅದು ಬೇರೆ ಕೋಣೆ, ಬೇರೆ ಸಂಘ. ಒಬ್ಬೊಬ್ಬರ ಬದುಕನ್ನು ಒಬ್ಬೊಬ್ಬರದೇ ಅಂತ ನೋಡುವ ಸಮಾಜಕ್ಕೆ ಅದು ಸರಿಹೊಂದುತ್ತದೆ. ಎಲ್ಲರೂ ಒಂದೇ ಸೂರಿನ ಕೆಳಗೆ, ಒಬ್ಬರ ವಿಷಯದಲ್ಲಿ ಎಲ್ಲರೂ ಕೈಹಾಕುವ ಮನೆಗಳಿಗೆ? ಕುಡಿತ ಬಿಟ್ಟವನು ಕೂಟದಲ್ಲಿ ಒಂದು ಗಂಟೆ ಮನುಷ್ಯನಾಗಿರುತ್ತಾನೆ. ಮನೆಗೆ ಬಂದರೆ ಮತ್ತೆ ಆರೋಪಿ. ಜೇಬು ನೋಡುತ್ತಾರೆ, ಫೋನ್ ನೋಡುತ್ತಾರೆ, ಐದು ನಿಮಿಷ ತಡವಾದರೆ ಮುಖ ನೋಡುತ್ತಾರೆ. ಅವರ ತಪ್ಪು ಅನ್ನುವ ಹಾಗೂ ಇಲ್ಲ, ಎಷ್ಟು ಸಲ ಮಾತು ಕೊಟ್ಟು ಮುರಿದಿದ್ದಾನೋ.

ಬೇರೆ ದಾರಿಗಳೂ ಇವೆ. ಜಪಾನಿನವರು ಎಎ ನೋಡಿ ಕಲಿತು, ತಮಗೆ ಬೇಕಾದ ಹಾಗೆ ತಿದ್ದಿಕೊಂಡು ದಾನ್‌ಶುಕಾಯ್ ಅಂತ ಮಾಡಿಕೊಂಡರು. 1958ರಲ್ಲಿ ಕೋಚಿ ಊರಲ್ಲಿ ಶುರುವಾದದ್ದು (ಕೇರಳದ ಕೊಚ್ಚಿ ಅಲ್ಲ ಮತ್ತೆ), 1963ರಲ್ಲಿ ದೇಶಮಟ್ಟದ ಸಂಘವಾಯಿತು. ಅಲ್ಲಿ ಹೆಸರು ಮುಚ್ಚಿಡುವ ಪದ್ಧತಿ ಇಲ್ಲ. ಗಂಡ ಹೆಂಡತಿ ಒಟ್ಟಿಗೆ ಬರುತ್ತಾರೆ. ಆತ ತನ್ನ ಕುಡಿತದ ದಿನಗಳ ಬಗ್ಗೆ ಹೇಳುತ್ತಾನೆ, ಆಮೇಲೆ ಅದೇ ದಿನಗಳು ತನಗೆ ಹೇಗಿದ್ದವು ಅಂತ ಆಕೆಯೂ ಹೇಳುತ್ತಾಳೆ, ಉಳಿದವರು ಸುಮ್ಮನೆ ಕೇಳುತ್ತಾರೆ. ಅತ್ತ ಕ್ರೊಯೇಷಿಯಾದ ಜಾಗ್ರೆಬ್‌ನಲ್ಲಿ 1964ರಲ್ಲಿ ವ್ಲಾದಿಮಿರ್ ಹುಡೊಲಿನ್ ಎಂಬ ಮನೋವೈದ್ಯರು ಕ್ಲಬ್‌ಗಳನ್ನು ಶುರು ಮಾಡಿದರು. ಆಮೇಲೆ ಅವು ಇಟಲಿಯಲ್ಲೂ ಬೆಳೆದವು. ಅಲ್ಲಿ ಸದಸ್ಯತ್ವ ಮನುಷ್ಯನಿಗಲ್ಲ, ಕುಟುಂಬಕ್ಕೆ. ವಾರಕ್ಕೊಮ್ಮೆ ಸೇರುತ್ತಾರೆ. ಕುಟುಂಬಗಳು ಹನ್ನೆರಡು ದಾಟಿದರೆ ಕ್ಲಬ್ ಎರಡಾಗಬೇಕು, ಇಲ್ಲದಿದ್ದರೆ ಎಲ್ಲರಿಗೂ ಮಾತಾಡಲು ಹೊತ್ತು ಸಿಗುವುದಿಲ್ಲ. ಈ ನಿಯಮ ನನಗೆ ತುಂಬಾ ಹಿಡಿಸಿತು, ನಮ್ಮ ಸಂಘಗಳು ಒಡೆಯುವುದು ಜಗಳವಾದಾಗ ಮಾತ್ರ ಅಲ್ವಾ?

ನನ್ನ ಓಟು ಈ ಒಂದೇ ಕೋಣೆಯ ರೀತಿಗೆ. ಹೆಂಡತಿಯೋ ಅಪ್ಪನೋ ಅದೇ ಕೋಣೆಯಲ್ಲಿ ಕೂತು ಬೇರೆ ಮನೆಗಳ ಕಥೆ ಕೇಳಿದರೆ, ತಮ್ಮ ಮನೆಯವನ ಚಪಲ ಸೊಕ್ಕಲ್ಲ, ಅದೊಂದು ಕಾಯಿಲೆಯ ನಡೆ ಅಂತ ಗೊತ್ತಾಗುತ್ತದೆ. ಆಸೆ ಉಕ್ಕಿ ಬಂದರೂ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಇಳಿಯುತ್ತದೆ, ಅಷ್ಟು ಹೊತ್ತು ಜೊತೆಗಿದ್ದರೆ ಸಾಕು ಅಂತ ಗೊತ್ತಾಗುತ್ತದೆ. ಇನ್ನೊಬ್ಬಳು ಹೆಂಗಸು "ನಾನೂ ಜೇಬು ಹುಡುಕುತ್ತಿದ್ದೆ" ಅಂದರೆ ಈಕೆಗೂ ಹಗುರ. ಕರ್ನಾಟಕದಲ್ಲೂ ಮದ್ಯವರ್ಜನ ಶಿಬಿರ ಮುಗಿಸಿದವರಿಗೆ ನವಜೀವನ ಸಮಿತಿಗಳಿವೆ. ಅಂದರೆ ಶಿಬಿರದ ಆಚೆಗೂ ಜೊತೆ ಬೇಕು ಅನ್ನುವುದು ನಮಗೇನೂ ಹೊಸ ವಿಷಯವಲ್ಲ.

ಹಾಗಂತ ಎಲ್ಲ ಮನೆಗೂ ಇದೇ ಸರಿ ಅನ್ನಲಾರೆ. ಹೊಡೆತ ತಿಂದ ಹೆಂಡತಿ ಹೊಡೆದವನ ಪಕ್ಕದಲ್ಲಿ ಕೂತು ಏನು ಮಾತಾಡಿಯಾಳು? ಸಂಜೆ ಮನೆಗೆ ಹೋಗಬೇಕಲ್ಲ. ಅಂಥವರಿಗೆ ಅಲ್-ಅನಾನ್ ರೀತಿಯ ಬೇರೆ ಕೋಣೆಯೇ ಬೇಕು. ಹೆಸರು ಮುಚ್ಚಿಡುವುದಕ್ಕೂ ಕಾರಣ ಇದೆ, ಕುಡುಕ ಅಂತ ಒಮ್ಮೆ ಹೆಸರು ಬಿದ್ದರೆ ಕೆಲಸವೂ ಹೋಗಬಹುದು. ಎಎಯಲ್ಲಿ ದೇವರ ಮಾತು ಬಂದರೆ ಕಿರಿಕಿರಿಯಾಗುವವರೂ ಇದ್ದಾರೆ. ಅವರಿಗೆ 1994ರಲ್ಲಿ ಶುರುವಾದ ಸ್ಮಾರ್ಟ್ ರಿಕವರಿ ಇದೆ, ಅಲ್ಲಿ ಮನಶ್ಶಾಸ್ತ್ರದ ಉಪಾಯಗಳನ್ನು ಕಲಿಸುತ್ತಾರೆ, ಎದುರುಬದುರು ಚರ್ಚೆಯೂ ನಡೆಯುತ್ತದೆ.

ಒಂದು ಎಚ್ಚರಿಕೆ ಹೇಳದೆ ಮುಂದೆ ಹೋಗಲಾರೆ. ದಿನಾ ಜಾಸ್ತಿ ಕುಡಿಯುವವರು ಕೂಟದ ಹುರುಪಲ್ಲಿ ಒಂದೇ ಸಲ ಬಿಟ್ಟರೆ ಫಿಟ್ಸ್ ಬರಬಹುದು, ಜೀವಕ್ಕೇ ಅಪಾಯವಾಗಬಹುದು. ಆ ಮೊದಲ ದಿನಗಳು ಡಾಕ್ಟರ ಕೆಲಸ. ಇನ್ನೊಂದು, ಡ್ರಗ್ಸ್ ಬಿಟ್ಟವರ ಕೆಲವು ಕೂಟಗಳಲ್ಲಿ ಬ್ಯುಪ್ರೆನಾರ್ಫಿನ್, ಮೆಥಡೋನ್ ಎಂಬ ಚಿಕಿತ್ಸೆಯ ಔಷಧಿ ತೆಗೆದುಕೊಳ್ಳುವವರನ್ನು "ನೀನಿನ್ನೂ ಬಿಟ್ಟಿಲ್ಲ" ಅಂತ ಕೀಳಾಗಿ ನೋಡುವುದುಂಟು. ಇದು ಶುದ್ಧ ಮೂರ್ಖತನ. ಅಫೀಮು ಜಾತಿಯ ಡ್ರಗ್ಸ್ ಚಟದಲ್ಲಿ ಆ ಔಷಧಿಗಳು ಸಾವನ್ನು ತಪ್ಪಿಸುತ್ತವೆ. ಮಾತ್ರೆ ನಿಲ್ಲಿಸು ಅನ್ನುವ ಕೂಟ ಬಿಟ್ಟು ಬೇರೆ ಕೂಟ ಹುಡುಕಬೇಕು.

ಇನ್ನು, ಕೂಟ ಯಾವುದೇ ಇರಲಿ, ಮೊದಲ ಸಲ ಬಾಗಿಲು ದಾಟಿಸುವುದೇ ದೊಡ್ಡ ಕೆಲಸ. 1981ರಲ್ಲಿ ಪ್ರಕಟವಾದ ಒಂದು ಪುಟ್ಟ ಅಧ್ಯಯನ ಇದೆ. ಇಪ್ಪತ್ತು ಜನರಲ್ಲಿ ಅರ್ಧ ಜನಕ್ಕೆ ಎಎ ಸಭೆಯ ಜಾಗ, ಸಮಯ ಹೇಳಿ ಹೋಗಿ ಅಂದರು. ಉಳಿದ ಅರ್ಧದವರನ್ನು ಕೂರಿಸಿಕೊಂಡು ಅಲ್ಲಿಂದಲೇ ಒಬ್ಬ ಎಎ ಸದಸ್ಯನಿಗೆ ಫೋನ್ ಮಾಡಿಸಿದರು, ಆತ ಕರೆದುಕೊಂಡು ಹೋಗುತ್ತೇನೆ ಅಂದ. ಮೊದಲ ಗುಂಪಿನಲ್ಲಿ ಒಬ್ಬರೂ ಹೋಗಲಿಲ್ಲ. ಎರಡನೆಯ ಗುಂಪಿನಲ್ಲಿ ಎಲ್ಲರೂ ಹೋದರು. ಆದ್ದರಿಂದ ಆಸ್ಪತ್ರೆಯಿಂದ ಬಿಡುಗಡೆಯಾಗುವ ದಿನ ಮಾತ್ರೆ ಚೀಟಿ ಬರೆಯುವ ಡಾಕ್ಟರು ಅಥವಾ ಕೌನ್ಸೆಲರ್ ಅಲ್ಲೇ, ತಮ್ಮ ಮುಂದೆಯೇ ರೋಗಿಯಿಂದ ಕೂಟದ ಸದಸ್ಯರೊಬ್ಬರಿಗೆ ಒಂದು ಫೋನ್ ಮಾಡಿಸಲಿ. ಪಕ್ಕದಲ್ಲಿ ಬ್ಯಾಗ್ ಹಿಡಿದು ನಿಂತಿರುವ ಹೆಂಡತಿ ಕೈಗೂ ಅದೇ ಫೋನ್ ಕೊಟ್ಟು, ಸಭೆ ಯಾವತ್ತು, ಎಷ್ಟೊತ್ತಿಗೆ, ಯಾರು ಜೊತೆಗೆ ಬರುತ್ತಾರೆ ಅಂತ ಆಕೆಯೂ ಕೇಳಿಕೊಳ್ಳಲಿ.