ಪಟ್ಟಿಯಿಲ್ಲದ ತಯಾರಿ

“ನಿಮ್ಮೂರ ಕಡೆ ಪ್ರಿಪರೇಶನ್ ಸ್ವಲ್ಪ ಕಮ್ಮಿ ಅಲ್ವಾ?” ಮ್ಯಾಂಚೆಸ್ಟರಿನ ಆಫೀಸಿನಲ್ಲಿ ಜೊತೆಯವನೊಬ್ಬ ನಗುತ್ತಲೇ ಕೇಳಿದ. ಮೀಟಿಂಗಿಗೆ ನಾನು ಪಟ್ಟಿ ಬರೆದುಕೊಂಡು ಹೋಗಿರಲಿಲ್ಲ, ಅಷ್ಟೇ. ನಾನೂ ನಕ್ಕೆ. ಮನೆಗೆ ಬಂದಮೇಲೂ ಮಾತು ಚುಚ್ಚುತ್ತಲೇ ಇತ್ತು. ಸುಮ್ನೆ ನಿಘಂಟು ತೆಗೆದೆ.

ಲ್ಯಾಟಿನ್ನಿನ ‘ಪ್ರೇ’ ಅಂದರೆ ಮೊದಲೇ. ‘ಪರಾರೆ’ ಅಂದರೆ ಅಣಿಮಾಡುವುದು. (ಪರಾರಿ ಅಲ್ಲ!) ಎರಡೂ ಸೇರಿದ ಪದ ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂತು. ಬೆರೆಸಿ ಮಾಡಿದ ಔಷಧಿಗೂ ಪ್ರಿಪರೇಶನ್ ಅಂತಲೇ ಹೆಸರು.

ಇದನ್ನು ಓದಿದ್ದೇ ಅಡಿಕೆಗೆ ಹೊಡೆಯುವ ಬೋರ್ಡೋ ದ್ರಾವಣ ಬೆರೆಸುತ್ತಿದ್ದ ಶಿರಸಿಯ ನಮ್ಮನೆ ಅಂಗಳ ಕಣ್ಣಿಗೆ ಕಟ್ಟಿತು. ಮೈಲುತುತ್ತ (ತಾಮ್ರದ ಸಲ್ಫೇಟ್) 1 ಕಿಲೋ, ಸುಣ್ಣ 1 ಕಿಲೋ, ನೀರು 100 ಲೀಟರ್. ತುತ್ತ ಬೇರೆ, ಸುಣ್ಣ ಬೇರೆ ಕರಗಿಸಿ ಆಮೇಲೆ ಕೂಡಿಸುವುದು. ಅಪ್ಪ ಕತ್ತಿ ಅದ್ದಿ ನೋಡುತ್ತಿದ್ದರು. ಅಲಗಿಗೆ ತಾಮ್ರದ ಕೆಂಪು ಹತ್ತಿದರೆ ಇನ್ನಷ್ಟು ಸುಣ್ಣ. ಮಳೆ ಜೋರಾಗುವ ಮೊದಲು ಅಡಿಕೆ ಕೊನೆಗಳಿಗೆ ಒಂದು ಸಲ ಹೊಡೆಯಬೇಕು, 40-45 ದಿನಕ್ಕೆ ಮತ್ತೊಂದು ಸಲ. ಇಲ್ಲದಿದ್ದರೆ ಕೊಳೆರೋಗ. ಇದಕ್ಕೆ ಯಾರೂ ಮೀಟಿಂಗ್ ಕರೆಯಲಿಲ್ಲ.

ಆಯಿಗೆ ಫೋನ್ ಮಾಡಿ ತಯಾರಿ ಅಂದರೆ ಏನು ಅಂತ ಕೇಳಿದೆ. “ಮಳೆ ಬರದ್ರೊಳಗೆ ಕಟ್ಟಿಗೆ ಒಳಗೆ ಬರವು, ಅಷ್ಟೇಯ” ಅಂದಳು. ಹಲಸಿನ ಹಪ್ಪಳವನ್ನು ಅವಳು ಲೆಕ್ಕಕ್ಕೇ ಹಿಡಿಯಲಿಲ್ಲ. ಕಾರವಾರದ ಕಡೆಯೂ ಅಷ್ಟೇ, ಮಳೆಗಾಲಕ್ಕೆ ಮೀನುಗಾರಿಕೆ ನಿಲ್ಲಿಸಿ ಜೂನ್ 1ಕ್ಕೆ ಬೋಟು ದಡ ಸೇರುವಷ್ಟರಲ್ಲಿ ಒಣಮೀನು ಡಬ್ಬಿ ಸೇರಿರುತ್ತದೆ.

ನಮ್ಮಲ್ಲಿ ‘ಸನ್ನದ್ಧ’ ಅಂತ ಒಂದು ಪದ ಇದೆಯಲ್ಲ, ಬಿಗಿದು ಕಟ್ಟಿಕೊಂಡವನು ಅಂತ ಅದರ ಅರ್ಥ. ನನಗೆ ನೆನಪಾಗುವುದು ಯುದ್ಧದ ಕವಚ ಅಲ್ಲ, ಹಗ್ಗ ಬಿಗಿದು ಅಡಿಕೆ ಮರ ಹತ್ತಿ ಕೊನೆ ಕೊಯ್ಯುವ ಕೊನೆಗೌಡ. ಇಲ್ಲಿಯವರ ತಯಾರಿ ಎಲ್ಲ ಕಾಗದದ ಮೇಲೇ ಜಾಸ್ತಿ. ವರ್ಷವಿಡೀ ಜಿಟಿಜಿಟಿ ಮಳೆಯ ಊರಲ್ಲಿ ಕೊಡೆ ಮರೆತು ಬರುತ್ತಾರೆ!

ಆದರೂ ಒಂದು ಮಾತು ಹೇಳಲೇಬೇಕು. ಕಳೆದ ಮಳೆಗಾಲದ ಒಂದು ರಾತ್ರಿ ಅಪ್ಪ ಜಾರಿ ಬಿದ್ದರು. ವರ್ಷಕ್ಕಾಗುವಷ್ಟು ಕಟ್ಟಿಗೆ ಒಟ್ಟಿದ ಮನೆಯಲ್ಲಿ ಆಸ್ಪತ್ರೆಯ ಫೈಲ್ ಸಿಗಲಿಲ್ಲ. ಕಾರಿನವನ ನಂಬರ್ ಹಳೇ ಕ್ಯಾಲೆಂಡರಿನ ಮೇಲಿತ್ತಂತೆ, ಆ ಕ್ಯಾಲೆಂಡರ್ ಬಚ್ಚಲ ಒಲೆಗೆ ಹೋಗಿತ್ತು.

ಇಲ್ಲಿ ನನ್ನ ಫ್ರಿಜ್ಜಿನ ಮೇಲೆ ತುರ್ತು ನಂಬರುಗಳ ಚೀಟಿ ಇದೆ. ನಾನು ಬಂದ ವಾರವೇ ಬರೆದುಕೊಟ್ಟವನು ಆ ಜೊತೆಯವನೇ.